ಕಡಲಾಳದಿಂದ ಮೆಲ್ಲನೆ ಮೇಲೇರಲು ಕಲಿಸಿದ ಹಾಲ್ಡೇನ್

ಮಳೆಗಾಲ ಮುಗಿದು ಅರಬ್ಬೀ ಸಮುದ್ರ ತಿಳಿಯಾಗುತ್ತಿದ್ದಂತೆ ಮುರುಡೇಶ್ವರದ ಕಡಲತೀರದಿಂದ ದೋಣಿಗಳು ನೇತ್ರಾಣಿ ದ್ವೀಪದತ್ತ ಹೊರಡುತ್ತವೆ. ಸುಮಾರು 19 ಕಿ.ಮೀ. ದೂರದ ಪಯಣ. ದೋಣಿಯಲ್ಲಿ ಕುಳಿತವರಲ್ಲಿ ಹಲವರು ಬೆಂಗಳೂರಿನಿಂದಲೋ ಹುಬ್ಬಳ್ಳಿಯಿಂದಲೋ ರಾತ್ರಿ ಪ್ರಯಾಣ ಮಾಡಿ ಬಂದವರು. ಬದುಕಿನಲ್ಲಿ ಮೊದಲ ಬಾರಿಗೆ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಸಮುದ್ರಕ್ಕೆ ಇಳಿಯಲಿರುವವರು. ಅವರ ಮನಸ್ಸಿನ ತುಂಬ ಬಣ್ಣದ ಮೀನುಗಳು, ಹವಳದ ಬಂಡೆಗಳು. ಒಂದಿಷ್ಟು ಭಯವೂ ಇರುತ್ತದೆ. ಆ ಭಯ ಸಾಮಾನ್ಯವಾಗಿ ಶಾರ್ಕ್ ಮೀನಿನದು.

ಆದರೆ ತರಬೇತುದಾರ ಶಾರ್ಕ್‌ಗಳ ಬಗ್ಗೆ ಹೆಚ್ಚು ಮಾತನಾಡುವುದಿಲ್ಲ. ನೀರಿನಡಿಯಲ್ಲಿ ಉಸಿರು ಬಿಗಿಹಿಡಿಯಬಾರದು, ಅವಸರದಲ್ಲಿ ಮೇಲೇರಬಾರದು, ಮೇಲ್ಮೈಗೆ ಬರುವ ಮುನ್ನ 5 ಮೀಟರ್ ಆಳದಲ್ಲಿ ಮೂರು ನಿಮಿಷ ನಿಲ್ಲಬೇಕು ಎಂದು ಆತ ಮತ್ತೆ ಮತ್ತೆ ಹೇಳುತ್ತಾನೆ. ಆ ನಿಲುಗಡೆ ಏಕೆ? ಆಳದಿಂದ ನೇರವಾಗಿ ಮೇಲೆ ಬಂದರೆ ಏನಾಗುತ್ತದೆ? ಈ ಪ್ರಶ್ನೆಗಳಿಗೆ ಲೆಕ್ಕದ ರೂಪದಲ್ಲಿ ಉತ್ತರ ಕೊಟ್ಟವರು ನಾವಿಕರೂ ಅಲ್ಲ, ಮುಳುಗುಗಾರರೂ ಅಲ್ಲ. ತಮ್ಮ ಬಹುಪಾಲು ಜೀವನವನ್ನು ಗಣಿಗಳ ಕತ್ತಲೆಯಲ್ಲಿ, ಪ್ರಯೋಗಾಲಯದ ಮುಚ್ಚಿದ ಪೆಟ್ಟಿಗೆಗಳಲ್ಲಿ ಕಳೆದ ಸ್ಕಾಟ್ಲೆಂಡಿನ ಶರೀರಶಾಸ್ತ್ರಜ್ಞ ಜಾನ್ ಸ್ಕಾಟ್ ಹಾಲ್ಡೇನ್ ಅವರು.

ಭಾರತೀಯರಿಗೆ ಅವರಿಗಿಂತ ಅವರ ಮಗನ ಹೆಸರು ಹೆಚ್ಚು ಪರಿಚಿತ. ತಳಿವಿಜ್ಞಾನಿ ಜೆ.ಬಿ.ಎಸ್. ಹಾಲ್ಡೇನ್ 1957ರಲ್ಲಿ ಭಾರತಕ್ಕೆ ಬಂದು ಇಲ್ಲಿಯ ಪೌರತ್ವ ಪಡೆದು, 1964ರಲ್ಲಿ ಭುವನೇಶ್ವರದಲ್ಲಿ ಕೊನೆಯುಸಿರೆಳೆದರು. ತಂದೆಯ ಕಥೆ ಮಗನ ಕಥೆಗಿಂತ ಕಡಿಮೆ ರೋಚಕವೇನಲ್ಲ.

ಗಾಳಿಯ ಬೆನ್ನು ಹತ್ತಿ

1860ರ ಮೇ ತಿಂಗಳ ಆರಂಭದಲ್ಲಿ ಎಡಿನ್‌ಬರೋದಲ್ಲಿ ಜನಿಸಿದ ಹಾಲ್ಡೇನ್ ಅವರದು ಸ್ಕಾಟ್ಲೆಂಡಿನ ಹಳೆಯ ಪ್ರತಿಷ್ಠಿತ ಮನೆತನ. ತಂದೆ ವಕೀಲರು. ತಾಯಿಯ ಸಹೋದರ ಜಾನ್ ಬರ್ಡನ್ ಸ್ಯಾಂಡರ್ಸನ್ ಹೆಸರಾಂತ ಶರೀರಶಾಸ್ತ್ರಜ್ಞ. ಅಣ್ಣ ರಿಚರ್ಡ್ ಹಾಲ್ಡೇನ್ ಮುಂದೆ ಬ್ರಿಟನ್ನಿನ ಯುದ್ಧ ಸಚಿವರಾಗಿ, ಲಾರ್ಡ್ ಚಾನ್ಸಲರ್ ಆಗಿ ರಾಜಕೀಯದಲ್ಲಿ ಎತ್ತರಕ್ಕೇರಿದರು. ಜಾನ್ ಮಾತ್ರ ಅಧಿಕಾರದ ದಾರಿ ಹಿಡಿಯಲಿಲ್ಲ. ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ 1884ರಲ್ಲಿ ವೈದ್ಯ ಪದವಿ ಪಡೆದ ಅವರು ರೋಗಿಗಳ ನಾಡಿ ಹಿಡಿಯುವುದಕ್ಕಿಂತ ಜನರು ಉಸಿರಾಡುವ ಗಾಳಿಯನ್ನು ಪರೀಕ್ಷಿಸುವುದರಲ್ಲಿ ಆಸಕ್ತಿ ತೋರಿದರು.

ಡಂಡೀ ನಗರದಲ್ಲಿ ಸಹಾಯಕರಾಗಿದ್ದಾಗ ಬಡವರ ಇಕ್ಕಟ್ಟಾದ ಮನೆಗಳ, ಶಾಲಾ ಕೊಠಡಿಗಳ ಗಾಳಿಯನ್ನು ಸೀಸೆಗಳಲ್ಲಿ ಹಿಡಿದು ತಂದು ವಿಶ್ಲೇಷಿಸಿದರು. ಒಳಚರಂಡಿಯ ಗಾಳಿಯನ್ನೂ ಬಿಡಲಿಲ್ಲ. 1887ರಲ್ಲಿ ಆಕ್ಸ್‌ಫರ್ಡ್‌ಗೆ ಬಂದು ಅಲ್ಲಿಯೇ ನೆಲೆಸಿದರು. 1891ರಲ್ಲಿ ಲೂಯಿಸಾ ಕ್ಯಾಥಲೀನ್ ಟ್ರಾಟರ್ ಅವರನ್ನು ವಿವಾಹವಾದರು. ಮಗ ಜ್ಯಾಕ್, ಅಂದರೆ ಮುಂದಿನ ಜೆ.ಬಿ.ಎಸ್., 1892ರಲ್ಲಿ ಜನಿಸಿದ. ಮಗಳು ನವೋಮಿ ಮಿಚಿಸನ್ ಕಾದಂಬರಿಕಾರ್ತಿಯಾಗಿ ಖ್ಯಾತರಾಗಿ, 1999ರವರೆಗೆ ನೂರು ವರ್ಷ ದಾಟಿ ಬಾಳಿದರು.

1896ರ ಜನವರಿಯಲ್ಲಿ ವೇಲ್ಸ್‌ನ ಟೈಲರ್ಸ್‌ಟೌನ್ ಕಲ್ಲಿದ್ದಲು ಗಣಿಯಲ್ಲಿ ಸ್ಫೋಟ ಸಂಭವಿಸಿ 57 ಕಾರ್ಮಿಕರು ಸತ್ತರು. ತನಿಖೆಗೆ ಗಣಿಯೊಳಗಿಳಿದ ಹಾಲ್ಡೇನ್ ಶವಗಳನ್ನು ಪರೀಕ್ಷಿಸಿದರು. ಹೆಚ್ಚಿನವರನ್ನು ಕೊಂದದ್ದು ಸ್ಫೋಟದ ಹೊಡೆತವಲ್ಲ, ಅದರ ನಂತರ ಹಬ್ಬಿದ ಕಾರ್ಬನ್ ಮೋನಾಕ್ಸೈಡ್ ಎಂಬ ವಾಸನೆಯಿಲ್ಲದ ವಿಷಾನಿಲ ಎಂಬುದನ್ನು ಅವರು ಸಾಬೀತುಪಡಿಸಿದರು. ಆ ಅನಿಲ ದೇಹದ ಮೇಲೆ ಮಾಡುವ ಪರಿಣಾಮ ತಿಳಿಯಲು ಸ್ವತಃ ಅದನ್ನು ಉಸಿರಾಡಿ, ತಮ್ಮ ರಕ್ತದ ಅರ್ಧಕ್ಕಿಂತ ಹೆಚ್ಚು ಭಾಗ ಅದರಿಂದ ತುಂಬುವವರೆಗೂ ಟಿಪ್ಪಣಿ ಬರೆದುಕೊಂಡಿದ್ದರು. ಗಣಿಗಳಲ್ಲಿ ಇಲಿ ಅಥವಾ ಪುಟ್ಟ ಹಕ್ಕಿಯನ್ನು ಒಯ್ಯಬೇಕು, ಮನುಷ್ಯನಿಗಿಂತ ಮೊದಲು ಅದು ಅಪಾಯದ ಸೂಚನೆ ಕೊಡುತ್ತದೆ ಎಂಬ ಸಲಹೆಯೂ ಅವರದೇ. ಗಣಿಗಳ ಕ್ಯಾನರಿ ಹಕ್ಕಿ ಹೀಗೆ ಹುಟ್ಟಿಕೊಂಡಿತು.

ಅಪಾಯವನ್ನು ಧೈರ್ಯದಿಂದ ಎದುರಿಸುವುದು ಅವರ ಪದ್ಧತಿಯಾಗಿರಲಿಲ್ಲ. ಅದನ್ನು ಅಳೆದು, ಅದರ ಮಿತಿ ಗೊತ್ತುಮಾಡಿ, ಸಾಮಾನ್ಯ ಕೆಲಸಗಾರನೂ ಪಾಲಿಸಬಲ್ಲ ನಿಯಮವನ್ನಾಗಿ ಮಾಡುವುದು ಅವರ ಪದ್ಧತಿ. ಸಮುದ್ರಕ್ಕೆ ಅವರು ತಂದದ್ದು ಇದನ್ನೇ.

ಸೇತುವೆ ಕಟ್ಟುವವರ ಕಾಯಿಲೆ

ಹತ್ತೊಂಬತ್ತನೇ ಶತಮಾನದಲ್ಲಿ ದೊಡ್ಡ ನದಿಗಳಿಗೆ ಸೇತುವೆ ಕಟ್ಟುವಾಗ ಕಂಬಗಳ ಬುನಾದಿ ತೋಡಲು ನದಿಯ ತಳಕ್ಕೆ ಬೃಹತ್ ಪೆಟ್ಟಿಗೆಗಳನ್ನು ಇಳಿಸಿ, ನೀರು ಒಳನುಗ್ಗದಂತೆ ಒತ್ತಡದ ಗಾಳಿ ತುಂಬಲಾಗುತ್ತಿತ್ತು. ಕಾರ್ಮಿಕರು ಅದರೊಳಗೆ ಗಂಟೆಗಟ್ಟಲೆ ದುಡಿಯುತ್ತಿದ್ದರು. ಒಳಗಿದ್ದಾಗ ಏನೂ ಆಗುತ್ತಿರಲಿಲ್ಲ. ಹೊರಬಂದ ಮೇಲೆ ಕೀಲುಗಳಲ್ಲಿ ಅಸಹನೀಯ ನೋವು, ಕೆಲವರಿಗೆ ಕಾಲುಗಳ ಸ್ವಾಧೀನ ತಪ್ಪುವುದು, ಕೆಲವೊಮ್ಮೆ ಸಾವು. ನೋವಿಗೆ ಬಾಗಿ ನಡೆಯುತ್ತಿದ್ದವರನ್ನು ಕಂಡು ಜೊತೆಯವರು ಆ ಕಾಯಿಲೆಗೆ ಬೆಂಡ್ಸ್ ಎಂದು ಹೆಸರಿಟ್ಟರು. ನ್ಯೂಯಾರ್ಕಿನ ಬ್ರೂಕ್ಲಿನ್ ಸೇತುವೆಯ ಮುಖ್ಯ ಎಂಜಿನಿಯರ್ ವಾಷಿಂಗ್ಟನ್ ರೋಬ್ಲಿಂಗ್ ಅವರೇ 1872ರಲ್ಲಿ ಇದಕ್ಕೆ ತುತ್ತಾಗಿ ಹಾಸಿಗೆ ಹಿಡಿದರು. 1883ರಲ್ಲಿ ಸೇತುವೆ ಪೂರ್ಣಗೊಳ್ಳುವವರೆಗೂ ಅವರ ಪತ್ನಿ ಎಮಿಲಿ ಸ್ಥಳಕ್ಕೆ ಹೋಗಿ ಕೆಲಸ ನೋಡಿಕೊಳ್ಳಬೇಕಾಯಿತು.

ಲೋಹದ ಹೆಲ್ಮೆಟ್ ಧರಿಸಿ ಸಮುದ್ರಕ್ಕಿಳಿಯುತ್ತಿದ್ದವರ ಪಾಡೂ ಇದೇ. ಸ್ಪಂಜು ತೆಗೆಯಲು ಮುಳುಗುತ್ತಿದ್ದ ಗ್ರೀಸ್ ದೇಶದ ಅನೇಕರು ಪಾರ್ಶ್ವವಾಯು ಪೀಡಿತರಾದರು.

ಇದರ ಕಾರಣವನ್ನು ಫ್ರಾನ್ಸಿನ ಪಾಲ್ ಬೇರ್ 1878ರಲ್ಲಿ ಪ್ರಕಟಿಸಿದ ಬೃಹತ್ ಗ್ರಂಥದಲ್ಲಿ ವಿವರಿಸಿದ್ದರು. ನಾವು ಉಸಿರಾಡುವ ಗಾಳಿಯ ಐದರಲ್ಲಿ ನಾಲ್ಕು ಪಾಲು ಸಾರಜನಕ. ದೇಹ ಅದನ್ನು ಬಳಸಿಕೊಳ್ಳುವುದಿಲ್ಲ. ಆದರೆ ಒತ್ತಡ ಹೆಚ್ಚಿದಾಗ ಅದು ರಕ್ತದಲ್ಲಿ, ಮಾಂಸದಲ್ಲಿ, ಕೊಬ್ಬಿನಲ್ಲಿ ಕರಗಿ ಸೇರಿಕೊಳ್ಳುತ್ತದೆ. ಒತ್ತಡ ಹಠಾತ್ತನೆ ಇಳಿದರೆ ಗುಳ್ಳೆಗಳಾಗಿ ಹೊರಬರುತ್ತದೆ. ಸೋಡಾ ಬಾಟಲಿಯ ಗೋಲಿಯನ್ನು ಒತ್ತಿದೊಡನೆ ನೊರೆ ಉಕ್ಕುವುದನ್ನು ಕಂಡವರಿಗೆ ಇದನ್ನು ಬೇರೆ ವಿವರಿಸಬೇಕಾಗಿಲ್ಲ. ಬಾಟಲಿಯಲ್ಲಿ ಉಕ್ಕಿದರೆ ಅದು ಪಾನೀಯ. ಬೆನ್ನುಹುರಿಯಲ್ಲಿ ಉಕ್ಕಿದರೆ ಪಾರ್ಶ್ವವಾಯು.

ಹಾಗಾದರೆ ನಿಧಾನವಾಗಿ ಮೇಲೆ ಬರಬೇಕು ಎಂಬುದು ಎಲ್ಲರಿಗೂ ಹೊಳೆದಿತ್ತು. ಆದರೆ ಎಷ್ಟು ನಿಧಾನ? ಎಷ್ಟು ಆಳದಿಂದ, ಎಷ್ಟು ಹೊತ್ತಿನ ನಂತರ? ಅದಕ್ಕೆ ಯಾರ ಬಳಿಯೂ ಭರವಸೆಯ ಉತ್ತರವಿರಲಿಲ್ಲ. ಮುಳುಗುಗಾರರು ಅಂದಾಜಿನ ಮೇಲೆ ಜೀವ ಪಣಕ್ಕಿಡುತ್ತಿದ್ದರು.

ಆಡುಗಳು ಹೇಳಿದ ಸತ್ಯ

1905ರಲ್ಲಿ ಬ್ರಿಟನ್ನಿನ ನೌಕಾಡಳಿತ ಆಳಸಮುದ್ರ ಮುಳುಗುವಿಕೆಯ ಅಧ್ಯಯನಕ್ಕೆ ಸಮಿತಿಯೊಂದನ್ನು ನೇಮಿಸಿತು. ಹಾಲ್ಡೇನ್ ಅದರ ಸದಸ್ಯರಾದರು. ಲಂಡನ್ನಿನ ಲಿಸ್ಟರ್ ಸಂಸ್ಥೆಯಲ್ಲಿ ಉಕ್ಕಿನ ದೊಡ್ಡ ಒತ್ತಡ ಕೋಣೆಯೊಂದಿತ್ತು. ಆರ್ಥರ್ ಬಾಯ್ಕಾಟ್ ಎಂಬ ವೈದ್ಯ ವಿಜ್ಞಾನಿ, ಗೈಬನ್ ಡಾಮಂಟ್ ಎಂಬ ನೌಕಾಪಡೆಯ ತರುಣ ಅಧಿಕಾರಿ ಅವರ ಜೊತೆಯಾದರು.

ಪ್ರಯೋಗಕ್ಕೆ ಆರಿಸಿಕೊಂಡದ್ದು ಆಡುಗಳನ್ನು. ಇಲಿ, ಮೊಲದಂಥ ಸಣ್ಣ ಪ್ರಾಣಿಗಳ ರಕ್ತ ಬಹು ಬೇಗ ಸುತ್ತುವುದರಿಂದ ಸಾರಜನಕವೂ ಬೇಗ ಹೊರಹೋಗುತ್ತದೆ. ಅವುಗಳಿಂದ ಬಂದ ಲೆಕ್ಕ ಮನುಷ್ಯನಿಗೆ ಹೊಂದುವುದಿಲ್ಲ. ಆಡು ಗಾತ್ರದಲ್ಲಿ ಮನುಷ್ಯನಿಗೆ ಹತ್ತಿರ. ನೋವಾದರೆ ಮುಂಗಾಲನ್ನು ಎತ್ತಿ ಹಿಡಿದು ನಿಲ್ಲುತ್ತದೆ. ನೋಡುವವನಿಗೆ ಅಷ್ಟು ಸಾಕು. ಕೆಲವು ಆಡುಗಳು ಕಾಲೆತ್ತಿ ನಿಂತವು, ಕೆಲವು ಸ್ವಾಧೀನ ಕಳೆದುಕೊಂಡವು, ಕೆಲವು ಸತ್ತವು. ಇಂದು ಆನಂದಕ್ಕಾಗಿ ಸಮುದ್ರಕ್ಕಿಳಿಯುವವರ ಸುರಕ್ಷತೆಯ ಹಿಂದೆ ಆ ಮೂಕ ಪ್ರಾಣಿಗಳ ಋಣವಿದೆ ಎಂಬುದನ್ನು ಮರೆಯುವಂತಿಲ್ಲ.

ಪ್ರಯೋಗಗಳಿಂದ ಹೊರಬಂದ ಮುಖ್ಯ ಸಂಗತಿ ಸರಳವಾಗಿತ್ತು. ಒತ್ತಡ ಎಷ್ಟು ಇಳಿಯಿತು ಎಂಬುದಕ್ಕಿಂತ ಯಾವ ಪ್ರಮಾಣದಲ್ಲಿ ಇಳಿಯಿತು ಎಂಬುದು ಮುಖ್ಯ. ಎರಡು ವಾಯುಭಾರದಿಂದ ಒಂದಕ್ಕೆ ಇಳಿದಾಗ ತೊಂದರೆಯಾಗದಿದ್ದರೆ, ನಾಲ್ಕರಿಂದ ಎರಡಕ್ಕೆ, ಆರರಿಂದ ಮೂರಕ್ಕೆ ಇಳಿದಾಗಲೂ ಆಗದು ಎಂದು ಅವರು ಕಂಡುಕೊಂಡರು. ಸಮುದ್ರದಲ್ಲಿ ಪ್ರತಿ 10 ಮೀಟರ್ ಆಳಕ್ಕೆ ಒಂದು ವಾಯುಭಾರದಷ್ಟು ಒತ್ತಡ ಹೆಚ್ಚುತ್ತದೆ. 30 ಮೀಟರ್ ಆಳದಲ್ಲಿ ಒಟ್ಟು ಒತ್ತಡ ನಾಲ್ಕು ವಾಯುಭಾರ. ಅವರ ಲೆಕ್ಕದ ಪ್ರಕಾರ ಅಲ್ಲಿಂದ 10 ಮೀಟರ್ ಆಳದವರೆಗೆ ತಡವಿಲ್ಲದೆ ಬರಬಹುದು. ಆಮೇಲೆ ಮಾತ್ರ ಪ್ರತಿ 10 ಅಡಿಗೊಮ್ಮೆ ನಿಂತು, ಮೇಲೇರಿದಷ್ಟೂ ಹೆಚ್ಚು ಹೊತ್ತು ಕಾಯಬೇಕು.

ಹಳೆಯ ಪದ್ಧತಿಗೆ ಇದು ತಿರುಗುಮುರುಗಾಗಿತ್ತು. ಅದುವರೆಗೆ ಮುಳುಗುಗಾರನನ್ನು ತಳದಿಂದ ಮೇಲ್ಮೈವರೆಗೆ ಒಂದೇ ನಿಧಾನ ಗತಿಯಲ್ಲಿ ಎಳೆಯುತ್ತಿದ್ದರು. ತಳದ ಹತ್ತಿರ ನಿಧಾನಿಸುವುದರಿಂದ ಸಾರಜನಕ ಇನ್ನಷ್ಟು ಸೇರುತ್ತದೆ. ಮೇಲ್ಮೈ ಹತ್ತಿರ ಅದೇ ಗತಿ ತೀರಾ ವೇಗವಾಗುತ್ತದೆ. ಅತಿ ಅಪಾಯದ ಜಾಗ ಕತ್ತಲೆಯ ತಳವಲ್ಲ, ಬೆಳಕು ಕಾಣುವ ಕೊನೆಯ ಕೆಲವು ಮೀಟರ್‌ಗಳು ಎಂದು ಹಾಲ್ಡೇನ್ ತೋರಿಸಿಕೊಟ್ಟರು.

ದೇಹದ ಎಲ್ಲ ಭಾಗಗಳೂ ಒಂದೇ ವೇಗದಲ್ಲಿ ಸಾರಜನಕವನ್ನು ಹೀರುವುದಿಲ್ಲ ಎಂಬುದು ಅವರ ಇನ್ನೊಂದು ಒಳನೋಟ. ರಕ್ತ ಹೆಚ್ಚು ಹರಿಯುವ ಅಂಗಗಳು ಬೇಗ ತುಂಬಿ ಬೇಗ ಬರಿದಾಗುತ್ತವೆ. ಕೊಬ್ಬಿನ ಭಾಗ ನಿಧಾನವಾಗಿ ತುಂಬಿ ನಿಧಾನವಾಗಿ ಬಿಡುತ್ತದೆ. ಲೆಕ್ಕಕ್ಕಾಗಿ ದೇಹವನ್ನು ಐದು ಕಾಲ್ಪನಿಕ ವಿಭಾಗಗಳಾಗಿ ಮಾಡಿ, ಅವು ಅರ್ಧದಷ್ಟು ತುಂಬಲು 5, 10, 20, 40 ಮತ್ತು 75 ನಿಮಿಷ ಬೇಕೆಂದು ಇಟ್ಟುಕೊಂಡರು. ಇದರ ಆಧಾರದ ಮೇಲೆ ಆಳ ಮತ್ತು ಸಮಯದ ಕೋಷ್ಟಕ ಸಿದ್ಧವಾಯಿತು. 1907ರಲ್ಲಿ ಸಮಿತಿಯ ವರದಿ, 1908ರಲ್ಲಿ ಮೂವರ ಹೆಸರಿನ ವಿವರವಾದ ಪ್ರಬಂಧ ಪ್ರಕಟವಾದವು. ನೀರಿಗಿಳಿಯುವ ಮೊದಲೇ ಮರಳುವ ದಾರಿಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಲು ಇದರಿಂದ ಸಾಧ್ಯವಾಯಿತು.

ಸ್ಕಾಟ್ಲೆಂಡಿನ ನೀರಿನಲ್ಲಿ ಪರೀಕ್ಷೆ

ಆಡಿನ ಲೆಕ್ಕ ಮನುಷ್ಯನಿಗೆ ಸರಿಹೊಂದುತ್ತದೆಯೇ? ಒತ್ತಡ ಕೋಣೆಯಲ್ಲಿ ಮೊದಲು ಪರೀಕ್ಷೆಗೊಳಗಾದ ಡಾಮಂಟ್ ಮತ್ತು ಆಂಡ್ರ್ಯೂ ಕ್ಯಾಟೊ ಎಂಬ ನೌಕಾಪಡೆಯ ತೋಪುಗಾರ, 1906ರ ಆಗಸ್ಟ್‌ನಲ್ಲಿ ಸ್ಪ್ಯಾಂಕರ್ ಎಂಬ ನೌಕೆಯಿಂದ ಸ್ಕಾಟ್ಲೆಂಡಿನ ಪಶ್ಚಿಮ ತೀರದ ರೋತ್‌ಸೇ ಬಳಿ ಸಮುದ್ರಕ್ಕಿಳಿದರು. ದಿನದಿಂದ ದಿನಕ್ಕೆ ಆಳ ಹೆಚ್ಚಿಸುತ್ತ 210 ಅಡಿ, ಅಂದರೆ ಸುಮಾರು 64 ಮೀಟರ್ ತಲುಪಿ, ನಿಂತು ನಿಂತು ಮೇಲೆ ಬಂದರು. ಒಮ್ಮೆ ಕ್ಯಾಟೊ ಅವರ ಹಗ್ಗ ನೀರಿನಡಿ ಸಿಕ್ಕಿಹಾಕಿಕೊಂಡು ಎಣಿಸಿದ್ದಕ್ಕಿಂತ ಹೆಚ್ಚು ಹೊತ್ತು ಅಲ್ಲಿಯೇ ಉಳಿಯಬೇಕಾಯಿತು. ಮೇಲೇರುವಾಗ ನಿಲುಗಡೆಗಳನ್ನು ಪಾಲಿಸಿದ್ದರಿಂದ ಅವರು ಸುರಕ್ಷಿತವಾಗಿ ಹೊರಬಂದರು.

ಮುಳುಗುಗಾರರು ಆಳದಲ್ಲಿ ಬೇಗನೆ ಬಳಲಿ ಏದುಸಿರು ಬಿಡುವುದಕ್ಕೆ ಕಾರಣವೂ ಈ ಅವಧಿಯಲ್ಲೇ ತಿಳಿಯಿತು. ಅದು ನೀರಿನ ಭಾರವಲ್ಲ. ಹೆಲ್ಮೆಟ್‌ನೊಳಗೆ ಸೇರಿಕೊಳ್ಳುವ ಅವರದೇ ಉಸಿರಿನ ಇಂಗಾಲದ ಡೈ ಆಕ್ಸೈಡ್. ಆರು ವಾಯುಭಾರದ ಒತ್ತಡದಲ್ಲಿ ಶೇ 1ರಷ್ಟು ಇಂಗಾಲದ ಡೈ ಆಕ್ಸೈಡ್ ನೆಲದ ಮೇಲಿನ ಶೇ 6ರಷ್ಟಕ್ಕೆ ಸಮನಾಗಿ ದೇಹವನ್ನು ಕಾಡುತ್ತದೆ. ನಮ್ಮ ಉಸಿರಾಟದ ಗತಿಯನ್ನು ನಿಯಂತ್ರಿಸುವುದು ಮುಖ್ಯವಾಗಿ ಆಮ್ಲಜನಕದ ಕೊರತೆಯಲ್ಲ, ಇಂಗಾಲದ ಡೈ ಆಕ್ಸೈಡಿನ ಮಟ್ಟ ಎಂಬುದನ್ನು ಹಾಲ್ಡೇನ್ ತಮ್ಮ ಸಹೋದ್ಯೋಗಿ ಪ್ರೀಸ್ಟ್ಲಿ ಜೊತೆ 1905ರಲ್ಲಿಯೇ ತೋರಿಸಿದ್ದರು. ಆಳ ಹೆಚ್ಚಿದಂತೆ ಪಂಪಿನಿಂದ ಕಳಿಸುವ ಗಾಳಿಯ ಪ್ರಮಾಣವನ್ನೂ ಹೆಚ್ಚಿಸಬೇಕು ಎಂಬ ನಿಯಮ ಇದರಿಂದ ಬಂತು. ಸೋರುವ ಪಂಪುಗಳ ಮೇಲೂ ಗಮನ ಹರಿಯಿತು.

ಅದೇ ಪ್ರಯೋಗಗಳ ವೇಳೆ 13ರ ಹರೆಯದ ಜ್ಯಾಕ್‌ಗೂ ಮುಳುಗುವ ಅವಕಾಶ ಸಿಕ್ಕಿತು. ದೊಡ್ಡವರ ಅಳತೆಯ ಉಡುಪು ಆ ಹುಡುಗನಿಗೆ ಸಡಿಲ. ಮಣಿಕಟ್ಟಿನ ಬಳಿ ನೀರು ಒಳನುಗ್ಗಿ ಮೇಲೇರತೊಡಗಿತು. ಅವನು ಗಾಬರಿಯಾಗದೆ ಹೆಲ್ಮೆಟ್‌ನ ಗಾಳಿಯನ್ನು ಹದ ಮಾಡಿಕೊಳ್ಳುತ್ತ ಹೊರಗೆಳೆಯುವವರೆಗೂ ತಾಳಿಕೊಂಡ. ಚಳಿಯಿಂದ ನಡುಗುತ್ತಿದ್ದ ಅವನಿಗೆ ವಿಸ್ಕಿ ಕುಡಿಸಿ ಮಲಗಿಸಲಾಯಿತಂತೆ. ಅಪಾಯಗಳನ್ನೆಲ್ಲ ಅಳೆಯುತ್ತಿದ್ದ ತಂದೆ ಮಗನ ಉಡುಪಿನ ಅಳತೆಯನ್ನು ಮಾತ್ರ ನೋಡಲಿಲ್ಲ. ಉಪಕರಣ ಸರಿಹೊಂದದಿದ್ದರೆ ಎಂಥ ಕೋಷ್ಟಕವೂ ಕಾಯಲಾರದು ಎಂಬ ಪಾಠವನ್ನು ಈ ಘಟನೆ ಇಂದಿಗೂ ಹೇಳುತ್ತದೆ.

ಬಂಗಾರದ ಗಟ್ಟಿಗಳು

ಬ್ರಿಟನ್ನಿನ ನೌಕಾಪಡೆ ಹಾಲ್ಡೇನ್ ಕೋಷ್ಟಕಗಳನ್ನು ಅಳವಡಿಸಿಕೊಂಡಿತು. ಕೆಲ ವರ್ಷಗಳಲ್ಲಿ ಅಮೆರಿಕದ ನೌಕಾಪಡೆಯೂ ಹಂತ ಹಂತದ ಮೇಲೇರುವಿಕೆಯನ್ನು ಒಪ್ಪಿತು. 1915ರಲ್ಲಿ ಹವಾಯಿಯ ಹೊನೊಲುಲು ಬಳಿ ಮುಳುಗಿದ ಎಫ್-4 ಜಲಾಂತರ್ಗಾಮಿಯನ್ನು ಎತ್ತಲು ಅಮೆರಿಕದ ಮುಳುಗುಗಾರರು 300 ಅಡಿಗೂ ಹೆಚ್ಚು ಆಳಕ್ಕೆ ಹೋಗಿಬಂದರು.

ಎಲ್ಲಕ್ಕಿಂತ ದೊಡ್ಡ ಸಾಕ್ಷ್ಯ ಒದಗಿಸಿದವರು ಡಾಮಂಟ್. ಮೊದಲ ಮಹಾಯುದ್ಧದ ಸಮಯದಲ್ಲಿ, 1917ರಲ್ಲಿ, ಐರ್ಲೆಂಡಿನ ಉತ್ತರ ತೀರದಾಚೆ ಲಾರೆಂಟಿಕ್ ಎಂಬ ಹಡಗು ಸಿಡಿಮದ್ದಿಗೆ ಸಿಕ್ಕಿ ಮುಳುಗಿತು. ಅದರಲ್ಲಿ 3,211 ಚಿನ್ನದ ಗಟ್ಟಿಗಳಿದ್ದವು. ಸುಮಾರು 40 ಮೀಟರ್ ಆಳದ ಕೆರಳಿದ ಸಮುದ್ರದಲ್ಲಿ ಡಾಮಂಟ್ ನೇತೃತ್ವದ ತಂಡ 1924ರವರೆಗೆ ಕೆಲಸ ಮಾಡಿ 3,186 ಗಟ್ಟಿಗಳನ್ನು ಹೊರತೆಗೆಯಿತು. ಸಾವಿರಾರು ಬಾರಿ ಇಳಿದು ಹತ್ತಿದರೂ ಒಬ್ಬ ಮುಳುಗುಗಾರನೂ ಪ್ರಾಣ ಕಳೆದುಕೊಳ್ಳಲಿಲ್ಲ. ಚಿನ್ನಕ್ಕಿಂತ ಆ ಲೆಕ್ಕವೇ ದೊಡ್ಡದು.

ಬೆಟ್ಟ, ಯುದ್ಧ, ಕೊನೆಯ ದಿನಗಳು

ಹೆಚ್ಚಿನ ಒತ್ತಡದ ಗುಟ್ಟು ತಿಳಿದ ಹಾಲ್ಡೇನ್ ಕಡಿಮೆ ಒತ್ತಡದತ್ತ ಹೊರಳಿದರು. 1911ರಲ್ಲಿ ಅಮೆರಿಕದ ಪೈಕ್ಸ್ ಪೀಕ್ ಪರ್ವತದ 4,300 ಮೀಟರ್ ಎತ್ತರದ ತುದಿಯಲ್ಲಿ ಸಹೋದ್ಯೋಗಿಗಳೊಂದಿಗೆ ವಾರಗಟ್ಟಲೆ ತಂಗಿ, ತೆಳುವಾದ ಗಾಳಿಗೆ ದೇಹ ಹೇಗೆ ಒಗ್ಗಿಕೊಳ್ಳುತ್ತದೆ ಎಂಬುದನ್ನು ಅಭ್ಯಸಿಸಿದರು. ರಕ್ತವು ಆಮ್ಲಜನಕ ಬಿಟ್ಟಂತೆಲ್ಲ ಇಂಗಾಲದ ಡೈ ಆಕ್ಸೈಡನ್ನು ಹೆಚ್ಚು ಹೊರಬಲ್ಲದು ಎಂಬುದನ್ನು 1914ರಲ್ಲಿ ಅವರ ತಂಡ ತೋರಿಸಿತು. ವೈದ್ಯಕೀಯ ವಿದ್ಯಾರ್ಥಿಗಳು ಇಂದಿಗೂ ಇದನ್ನು ಹಾಲ್ಡೇನ್ ಪರಿಣಾಮ ಎಂದೇ ಓದುತ್ತಾರೆ.

1915ರ ಏಪ್ರಿಲ್‌ನಲ್ಲಿ ಬೆಲ್ಜಿಯಂನ ಈಪ್ರ ಬಳಿ ಜರ್ಮನ್ ಸೇನೆ ಕ್ಲೋರಿನ್ ಅನಿಲ ಹರಿಬಿಟ್ಟಾಗ ಬ್ರಿಟಿಷ್ ಸರ್ಕಾರ ಕರೆಸಿಕೊಂಡ ವಿಜ್ಞಾನಿಗಳಲ್ಲಿ ಹಾಲ್ಡೇನ್ ಒಬ್ಬರು. ಮುಖವಾಡಗಳ ಪರೀಕ್ಷೆಗಾಗಿ ಅವರು ಮತ್ತೆ ತಮ್ಮ ಶ್ವಾಸಕೋಶವನ್ನೇ ಒಡ್ಡಿದರು. ಅನಿಲಕ್ಕೆ ತುತ್ತಾದ ಸೈನಿಕರಿಗೆ ಆಮ್ಲಜನಕ ಕೊಡುವ ಚಿಕಿತ್ಸೆಯನ್ನು ರೂಪಿಸಿದರು. ವಿಪರ್ಯಾಸವೆಂದರೆ ಅದೇ ವರ್ಷ ಅಣ್ಣ ರಿಚರ್ಡ್, ಜರ್ಮನ್ ತತ್ವಶಾಸ್ತ್ರದ ಮೇಲಿನ ಒಲವಿನ ಕಾರಣಕ್ಕೆ ದೇಶದ್ರೋಹದ ಅಪವಾದ ಹೊತ್ತು ಸಚಿವ ಸ್ಥಾನ ಕಳೆದುಕೊಳ್ಳಬೇಕಾಯಿತು.

1934ರಲ್ಲಿ ರಾಯಲ್ ಸೊಸೈಟಿಯ ಅತ್ಯುನ್ನತ ಗೌರವವಾದ ಕಾಪ್ಲಿ ಪದಕ ಹಾಲ್ಡೇನ್ ಅವರಿಗೆ ಸಂದಿತು. ವಿಶ್ರಾಂತಿ ಅವರ ಸ್ವಭಾವದಲ್ಲಿರಲಿಲ್ಲ. ಎಪ್ಪತ್ತೈದರ ವಯಸ್ಸಿನಲ್ಲಿ ಕಾರ್ಮಿಕರನ್ನು ಕಾಡುವ ಬಿಸಿಲಾಘಾತದ ಅಧ್ಯಯನಕ್ಕೆಂದು ಪರ್ಷಿಯಾ ಮತ್ತು ಇರಾಕ್‌ಗೆ ಹೋಗಿಬಂದರು. ಅದಾದ ಸ್ವಲ್ಪ ಕಾಲದಲ್ಲೇ, 1936ರ ಮಾರ್ಚ್ ನಡುವಿನ ಒಂದು ರಾತ್ರಿ, ಆಕ್ಸ್‌ಫರ್ಡ್‌ನ ಮನೆಯಲ್ಲಿ ನ್ಯುಮೋನಿಯಾದಿಂದ ತೀರಿಕೊಂಡರು. ಜೀವಮಾನವಿಡೀ ಉಸಿರಾಟವನ್ನು ಅಭ್ಯಸಿಸಿದವರನ್ನು ಕೊನೆಗೆ ಒಯ್ದದ್ದು ಶ್ವಾಸಕೋಶದ ಕಾಯಿಲೆಯೇ.

ಅವರ ಹಾದಿಯನ್ನು ಮಗ ಮುಂದುವರಿಸಿದರು. 1939ರಲ್ಲಿ ಥೀಟಿಸ್ ಜಲಾಂತರ್ಗಾಮಿ ದುರಂತದ ಬಳಿಕ ಜೆ.ಬಿ.ಎಸ್. ಹಾಲ್ಡೇನ್ ಒತ್ತಡ ಕೋಣೆಯಲ್ಲಿ ಕುಳಿತು, ಆಳದಲ್ಲಿ ಸಾರಜನಕ ತರುವ ಮತ್ತನ್ನೂ ಆಮ್ಲಜನಕ ತರುವ ಸೆಳೆತವನ್ನೂ ತಮ್ಮ ಮೈಮೇಲೆಯೇ ಪರೀಕ್ಷಿಸಿದರು. ಒಂದು ಸೆಳೆತದಲ್ಲಿ ಅವರ ಬೆನ್ನಮೂಳೆಗೇ ಪೆಟ್ಟಾಯಿತು.

ಇಂದಿನ ಮಣಿಕಟ್ಟಿನ ಮೇಲೆ

ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು ಸ್ವತಂತ್ರವಾಗಿ ಈಜುವ ಇಂದಿನ ಸ್ಕೂಬಾ ಪದ್ಧತಿಗೆ ದಾರಿ ಮಾಡಿದ ಅಕ್ವಾಲಂಗ್ ಉಪಕರಣವನ್ನು ಫ್ರಾನ್ಸಿನ ಜಾಕ್ ಕುಸ್ತೋ ಮತ್ತು ಎಮಿಲ್ ಗಾನ್ಯಾನ್ ರೂಪಿಸಿದ್ದು 1943ರಲ್ಲಿ. ಅದನ್ನು ನೋಡಲು ಹಾಲ್ಡೇನ್ ಬದುಕಿರಲಿಲ್ಲ. ಅವರ ಲೆಕ್ಕವೂ ದೋಷಮುಕ್ತವಾಗಿರಲಿಲ್ಲ. ಆಳದಲ್ಲಿ ದೀರ್ಘಕಾಲ ಇದ್ದವರಿಗೆ ಆ ಕೋಷ್ಟಕ ಸಾಲದು ಎಂಬುದು ನಂತರ ತಿಳಿಯಿತು. ಎರಡಕ್ಕೆ ಒಂದು ಎಂಬ ಪ್ರಮಾಣವನ್ನು ಅಮೆರಿಕದ ನೌಕಾಪಡೆ ತಿದ್ದಿತು. ನೋವಿಲ್ಲದೆ ಹೊರಬಂದವರ ರಕ್ತದಲ್ಲೂ ಸಣ್ಣ ಗುಳ್ಳೆಗಳಿರಬಹುದು ಎಂಬುದನ್ನು ಶ್ರವಣಾತೀತ ತರಂಗಗಳ ಉಪಕರಣ ತೋರಿಸಿತು. ಸ್ವಿಟ್ಜರ್ಲೆಂಡಿನ ಆಲ್ಬರ್ಟ್ ಬ್ಯೂಲ್ಮನ್ ಐದು ವಿಭಾಗಗಳ ಲೆಕ್ಕವನ್ನು ಹದಿನಾರಕ್ಕೆ ವಿಸ್ತರಿಸಿದರು. ಇಂದು ಮುಳುಗುಗಾರರು ಮಣಿಕಟ್ಟಿಗೆ ಕಟ್ಟಿಕೊಳ್ಳುವ ಹಲವು ಡೈವ್ ಕಂಪ್ಯೂಟರ್‌ಗಳು ಮಾಡುವುದು ಇದೇ ಲೆಕ್ಕವನ್ನು. ತಿದ್ದುಪಡಿಗಳಾಗಿವೆ, ತಳಹದಿ ಹಾಲ್ಡೇನ್ ಅವರದೇ.

ಹಾಗಾದರೆ ಮೊದಲ ಬಾರಿಗೆ ದೋಣಿ ಹತ್ತುವವರು ಅವರಿಂದ ಕಲಿಯಬೇಕಾದುದೇನು?

ಮೊದಲನೆಯದಾಗಿ, ಸಿದ್ಧತೆ ದಡದಲ್ಲೇ ಮುಗಿಯಬೇಕು. ವೈದ್ಯಕೀಯ ಪ್ರಶ್ನಾವಳಿಯಲ್ಲಿ ಅಸ್ತಮಾ, ಹೃದಯದ ತೊಂದರೆ, ಕಿವಿಯ ಕಾಯಿಲೆ, ಇತ್ತೀಚಿನ ಶಸ್ತ್ರಚಿಕಿತ್ಸೆಗಳನ್ನು ಮುಚ್ಚಿಡಬಾರದು. ನೆಗಡಿಯಿದ್ದರೆ ಆ ದಿನ ಇಳಿಯದಿರುವುದೇ ಜಾಣತನ. ಕಿವಿಯ ಒತ್ತಡ ಸರಿಹೊಂದದೆ ಪೊರೆ ಹರಿಯಬಹುದು. ಹಿಂದಿನ ರಾತ್ರಿ ಮದ್ಯಪಾನ ಬೇಡ, ನಿದ್ರೆ ಮತ್ತು ನೀರು ಬೇಕು. ದೋಣಿಯ ಓಲಾಟಕ್ಕೆ ವಾಂತಿಯಾಗುವವರು ಯಾವ ಮಾತ್ರೆ ತೆಗೆದುಕೊಳ್ಳಬಹುದೆಂದು ವೈದ್ಯರನ್ನು ಮೊದಲೇ ಕೇಳಿಕೊಳ್ಳಬೇಕು. ಕೆಲವು ಮಾತ್ರೆಗಳು ತೂಕಡಿಕೆ ತರುತ್ತವೆ.

ಎರಡನೆಯದು ಉಪಕರಣ. ಜ್ಯಾಕ್‌ನ ಸಡಿಲ ಉಡುಪನ್ನು ನೆನಪಿಸಿಕೊಳ್ಳಿ. ಮುಖದ ಮಾಸ್ಕ್ ಸೋರುತ್ತದೆಯೇ, ಸಿಲಿಂಡರಿನ ಕವಾಟ ತೆರೆದಿದೆಯೇ, ಗಾಳಿಯ ಮಾಪಕ ಎಷ್ಟು ತೋರಿಸುತ್ತಿದೆ, ತೂಕದ ಪಟ್ಟಿಯನ್ನು ಒಂದೇ ಎಳೆತಕ್ಕೆ ಬಿಚ್ಚಬಹುದೇ ಎಂಬುದನ್ನು ದೋಣಿಯಲ್ಲೇ ಜೊತೆಗಾರರೊಡನೆ ಪರಸ್ಪರ ನೋಡಿಕೊಳ್ಳಬೇಕು. ಕೈಸನ್ನೆಗಳನ್ನು ನೀರಿಗಿಳಿಯುವ ಮೊದಲೇ ಅಭ್ಯಾಸ ಮಾಡಿಕೊಳ್ಳಬೇಕು.

ಮೂರನೆಯದು ಉಸಿರು. ಗಾಬರಿಯ ಬಿರುಸಾದ ಉಸಿರು ಇಂಗಾಲದ ಡೈ ಆಕ್ಸೈಡನ್ನು ದೇಹದಲ್ಲೇ ಉಳಿಸಿ ಇನ್ನಷ್ಟು ಗಾಬರಿ ತರುತ್ತದೆ. ನಿಧಾನವಾಗಿ, ದೀರ್ಘವಾಗಿ, ನಿಲ್ಲಿಸದೆ ಉಸಿರಾಡಬೇಕು. 10 ಮೀಟರ್ ಆಳದಲ್ಲಿ ತುಂಬಿಕೊಂಡ ಗಾಳಿ ಮೇಲ್ಮೈಗೆ ಬರುವಷ್ಟರಲ್ಲಿ ಎರಡು ಪಟ್ಟು ಹಿಗ್ಗುತ್ತದೆ. ಉಸಿರು ಹಿಡಿದು ಮೇಲೇರಿದರೆ ಶ್ವಾಸಕೋಶ ಹರಿಯುವ ಅಪಾಯವಿದೆ. ಇದಕ್ಕೆ ಹೆಚ್ಚಿನ ಆಳವೂ ಬೇಡ, ಈಜುಕೊಳದ ಆಳವೇ ಸಾಕು.

ನಾಲ್ಕನೆಯದು ಮಿತಿ ಮತ್ತು ಗತಿ. ಪರಿಚಯಾತ್ಮಕ ಮುಳುಗುವಿಕೆಗೆ ಸಾಮಾನ್ಯವಾಗಿ 12 ಮೀಟರ್, ಪ್ರಾಥಮಿಕ ತರಬೇತಿ ಮುಗಿಸಿದವರಿಗೆ 18 ಮೀಟರ್ ಮಿತಿಯಿದೆ. ಮೇಲೇರುವಾಗ ನಿಮಿಷಕ್ಕೆ 9 ಮೀಟರ್ ದಾಟದಿರುವುದು, ಕೊನೆಯಲ್ಲಿ ಮೂರು ನಿಮಿಷ ನಿಲ್ಲುವುದು ಸುರಕ್ಷಿತ.

ಐದನೆಯದು ಹೆಚ್ಚಿನವರು ಯೋಚಿಸದ ಸಂಗತಿ. ದೋಣಿ ದಡ ಸೇರಿದೊಡನೆ ಮುಳುಗುವಿಕೆ ಮುಗಿಯಿತು ಎಂದು ಭಾವಿಸಬಾರದು. ಉಳಿದ ಸಾರಜನಕ ಇನ್ನೂ ಹೊರಹೋಗುತ್ತಿರುತ್ತದೆ. ಒಂದೇ ಸಲ ಮುಳುಗಿದವರು ಕನಿಷ್ಠ 12 ಗಂಟೆ, ಹಲವು ಸಲ ಮುಳುಗಿದವರು ಕನಿಷ್ಠ 18 ಗಂಟೆ ವಿಮಾನ ಏರಬಾರದು ಎಂಬುದು ತಜ್ಞರ ಮಾರ್ಗಸೂಚಿ. ಸುಮಾರು 600 ಮೀಟರಿಗಿಂತ ಹೆಚ್ಚಿನ ಎತ್ತರದ ತೆಳು ಗಾಳಿಯನ್ನು ಗಮನದಲ್ಲಿಟ್ಟು ಇದನ್ನು ರೂಪಿಸಲಾಗಿದೆ. ಬೆಂಗಳೂರು ಇರುವುದು ಸುಮಾರು 900 ಮೀಟರ್ ಎತ್ತರದಲ್ಲಿ. ಬೆಳಿಗ್ಗೆ ನೇತ್ರಾಣಿಯಲ್ಲಿ ಮುಳುಗಿ ಸಂಜೆಯೇ ಘಟ್ಟ ಹತ್ತುವ ನಗರವಾಸಿಗಳು, ತಾವು ನೆಲದ ಮೇಲೆಯೇ ಇದ್ದರೂ ದೇಹದ ಮಟ್ಟಿಗೆ ಇನ್ನೊಮ್ಮೆ ಮೇಲೇರುತ್ತಿದ್ದೇವೆ ಎಂಬುದನ್ನು ಅರಿಯಬೇಕು. ಸಾಧ್ಯವಿದ್ದರೆ ಒಂದು ರಾತ್ರಿ ಕರಾವಳಿಯಲ್ಲೇ ತಂಗುವುದು ಒಳಿತು. ಕೀಲುನೋವು, ಜೋಮು, ತಲೆಸುತ್ತು, ವಿಪರೀತ ಆಯಾಸ ಕಾಣಿಸಿದರೆ ಘಟ್ಟ ಹತ್ತದೆ, ತಡಮಾಡದೆ ವೈದ್ಯರನ್ನು ಕಂಡು ಸಮುದ್ರಕ್ಕೆ ಇಳಿದಿದ್ದ ವಿಷಯವನ್ನು ತಿಳಿಸಬೇಕು.

ಹಾಲ್ಡೇನ್ ಅವರ ಹೆಸರು ತಿಳಿಯದೆಯೂ ಸಮುದ್ರಕ್ಕಿಳಿದು ಬರಬಹುದು. ಆದರೆ 5 ಮೀಟರ್ ಆಳದಲ್ಲಿ, ತಲೆಯ ಮೇಲೆ ದೋಣಿಯ ನೆರಳು ಕಾಣುತ್ತಿರುವಾಗ, ಮೂರು ನಿಮಿಷ ಬಹಳ ದೀರ್ಘವೆನಿಸುತ್ತದೆ. ಮೇಲೆ ಹೋಗಿಬಿಡೋಣ ಎಂದು ಮನಸ್ಸು ಎಳೆಯುತ್ತದೆ. ಆ ಹೊತ್ತಿನಲ್ಲಿ ಕಾಲೆತ್ತಿ ನಿಂತ ಒಂದು ಆಡನ್ನೂ, ಅದನ್ನು ಗಾಜಿನ ಕಿಂಡಿಯಿಂದ ನೋಡುತ್ತ ನಿಮಿಷ ಎಣಿಸುತ್ತಿದ್ದ ಒಬ್ಬ ವಿಜ್ಞಾನಿಯನ್ನೂ ನೆನೆದರೆ, ಕಾಯುವುದು ಅಷ್ಟೇನೂ ಕಷ್ಟವಾಗದು.